ಹೊಟ್ಟೆಯಲ್ಲಿ ಮಗುವಿರುವಾಗ ‘ಸ್ವಲ್ಪ’ ಅಂದರೆ ಎಷ್ಟು?

1967ರ ಸುಮಾರಿಗೆ ನ್ಯೂಯಾರ್ಕಿನಲ್ಲಿ, ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಬಸುರಿಯರಿಗೆ ಒಂದು ಹೊಸ ಚಿಕಿತ್ಸೆ ಕೊಡುತ್ತಿದ್ದರು. ಕೈಯ ನರಕ್ಕೆ ಡ್ರಿಪ್ ಹಾಕುವುದು. ಆ ಡ್ರಿಪ್ಪಿನಲ್ಲಿ ಇಳಿಯುತ್ತಿದ್ದದ್ದು ಆಲ್ಕೋಹಾಲ್. ಕುಡಿಯುವ ಮದ್ಯದಲ್ಲಿ ಇರುತ್ತದಲ್ಲ, ಅದೇ. ಡಾಕ್ಟರ್ ಫ್ರಿಟ್ಜ್ ಫುಕ್ಸ್ ಮತ್ತು ಅವರ ಜೊತೆಯವರು ಇದನ್ನು ಬಳಕೆಗೆ ತಂದರು. ಗರ್ಭಕೋಶ ಹಿಂಡಿ ನೋವು ಬರುವಂತೆ ಮಾಡುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನು. ಆಲ್ಕೋಹಾಲ್ ಅದನ್ನು ತಡೆಯುತ್ತದೆ ಅನ್ನುವುದು ಅವರ ಲೆಕ್ಕ. ಮಲಗಿದ್ದ ಹೆಂಗಸರಿಗೆ ಮತ್ತೇರುತ್ತಿತ್ತು. ವಾಂತಿ, ತಲೆನೋವು. ಆದರೂ ಈ ಪದ್ಧತಿ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಿಗೆ ಹಬ್ಬಿತು. 70ರ ದಶಕದಲ್ಲೂ ನಡೆಯುತ್ತಿತ್ತು. ಅವರು ಹಾಗೆ ಮಾಡಿದ್ದು ಮಗುವನ್ನು ಉಳಿಸಲೆಂದೇ.

ಈ ಕಥೆಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆ, ಎಲ್ಲರ ಜೊತೆ ಹೋಗಿದ್ದಾಳೆ. ಹತ್ತು ದಿನ ಕಳೆದ ಮೇಲೆ ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ. “ಎರಡು ಪಿಂಟ್ ಬಿಯರ್ ಕುಡಿದಿದ್ದೆ ಕಣಕ್ಕ. ಮಗೂಗೆ ಏನಾದ್ರೂ ಆಗಿಬಿಟ್ಟಿದ್ರೆ?” ಗಂಡನಿಗೆ ಕೇಳಿಸಬಾರದು ಅಂತ ಬಚ್ಚಲುಮನೆಯಲ್ಲಿ ನಿಂತು ಮಾತಾಡುತ್ತಿದ್ದಳು. ಅವಳಿಗೆ ಏನು ಹೇಳಬೇಕು ಅಂತ ಓದುತ್ತಾ ಹೋದೆ. ಇಷ್ಟು ಸರಳವಾದ ಪ್ರಶ್ನೆಗೆ ವೈದ್ಯರೇ ಮುನ್ನೂರು ವರ್ಷಗಳಿಂದ ಬೇರೆ ಬೇರೆ ಉತ್ತರ ಕೊಡುತ್ತಾ ಬಂದಿದ್ದಾರೆ.

ಮುನ್ನೂರು ವರ್ಷ ಅಂದದ್ದು ಸುಮ್ನೆ ಅಲ್ಲ. 18ನೇ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನಲ್ಲಿ ಜಿನ್ ನೀರಿನಂತೆ ಹರಿಯುತ್ತಿತ್ತು. ತೀರಾ ಅಗ್ಗ. ಬಡ ಹೆಂಗಸರೂ ಕುಡಿಯುತ್ತಿದ್ದರು. 1726ರಲ್ಲಿ ಅಲ್ಲಿನ ವೈದ್ಯರ ಸಂಘವಾದ ಕಾಲೇಜ್ ಆಫ್ ಫಿಸಿಶಿಯನ್ಸ್ ಪಾರ್ಲಿಮೆಂಟಿಗೆ ಮನವಿ ಕೊಟ್ಟಿತು. ಬಲವಿಲ್ಲದ, ರೋಗಿಷ್ಠ ಮಕ್ಕಳು ಹುಟ್ಟುವುದಕ್ಕೆ ಈ ಕುಡಿತವೇ ಎಷ್ಟೋ ಸಲ ಕಾರಣ ಅಂತ ಅದರಲ್ಲಿ ಬರೆದಿತ್ತು.

ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು 1899ರ ಒಂದು ಅಧ್ಯಯನ. ವಿಲಿಯಂ ಸಲಿವನ್ ಲಿವರ್‌ಪೂಲಿನ ಜೈಲಿನ ವೈದ್ಯ. ಕುಡಿತದ ಚಟವಿದ್ದ 120 ಹೆಂಗಸರ ಹೆರಿಗೆಗಳ ಲೆಕ್ಕ ಬರೆದಿಟ್ಟರು. ಅವರಿಗೆ ಹುಟ್ಟಿದ್ದು 600 ಮಕ್ಕಳು. ಅದರಲ್ಲಿ 335 ಮಕ್ಕಳು ಸತ್ತೇ ಹುಟ್ಟಿದ್ದವು, ಇಲ್ಲವೇ ಎರಡು ವರ್ಷ ತುಂಬುವುದರೊಳಗೆ ಸತ್ತಿದ್ದವು. ಅದೇ ಕುಟುಂಬಗಳಲ್ಲಿ ಕುಡಿಯದ ಹೆಂಗಸರನ್ನು ನೋಡಿದರೆ, ಅವರ ಮಕ್ಕಳಲ್ಲಿ ಹೀಗೆ ಸತ್ತವರು ಕಾಲು ಭಾಗಕ್ಕಿಂತ ಕಡಿಮೆ. ಇನ್ನೊಂದು ವಿಷಯವನ್ನೂ ಸಲಿವನ್ ಗಮನಿಸಿದ್ದರು. ಒಂದರ ಹಿಂದೆ ಒಂದು ಮಗುವನ್ನು ಕಳೆದುಕೊಂಡಿದ್ದ ಕೆಲವರು ಬಸುರಿಯಾದ ಶುರುವಿನಲ್ಲೇ ಜೈಲಿಗೆ ಬಂದಿದ್ದರು. ಅಲ್ಲಿ ಕುಡಿಯಲು ಸಿಗಲಿಲ್ಲ. ಆ ಸಲ ಹುಟ್ಟಿದ ಮಗು ಗಟ್ಟಿಮುಟ್ಟಾಗಿ ಉಳಿಯಿತು. ಅದೇ ತಾಯಿ, ಅದೇ ಬಡತನ. ಬದಲಾದದ್ದು ಕುಡಿತ ಮಾತ್ರ.

ಇಷ್ಟೆಲ್ಲ ಗೊತ್ತಿದ್ದೂ ಡ್ರಿಪ್ಪಿನ ಕಾಲಕ್ಕೆ ಮರೆತದ್ದು ಹೇಗೆ? ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಅದು ಸೋತ ಮೇಲೆ ಕುಡಿತದ ಕೆಡುಕಿನ ಬಗ್ಗೆ ಯಾರು ಮಾತಾಡಿದರೂ ಅದು ಉಪದೇಶದಂತೆ ಕೇಳಿಸತೊಡಗಿತು. ಹಳೆಯ ಅಧ್ಯಯನಗಳನ್ನೂ ಅದೇ ಸಾಲಿಗೆ ಸೇರಿಸಿ ಪಕ್ಕಕ್ಕಿಟ್ಟರು. ಕುಡಿಯುವ ತಾಯಂದಿರ ಮಕ್ಕಳು ಸೊರಗುವುದು ಊಟ ಸರಿಯಿಲ್ಲದೆ, ಮನೆಯ ವಾತಾವರಣ ಕೆಟ್ಟು ಅಂತ ತಜ್ಞರು ಬರೆದರು. ಗರ್ಭದಲ್ಲಿ ತಾಯಿಯಿಂದ ಮಗುವಿಗೆ ಆಹಾರ ದಾಟಿಸುವ ಮಾಸು (ಪ್ಲಾಸೆಂಟಾ) ಮಗುವನ್ನು ಕೋಟೆಯಂತೆ ಕಾಯುತ್ತದೆ ಅನ್ನುವ ನಂಬಿಕೆಯೂ ಗಟ್ಟಿಯಾಗಿತ್ತು.

ಆ ನಂಬಿಕೆ ತಪ್ಪು. ತಾಯಿ ಕುಡಿದ ಆಲ್ಕೋಹಾಲ್ ಮಾಸನ್ನು ಸಲೀಸಾಗಿ ದಾಟುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚೂಕಡಿಮೆ ತಾಯಿಯಷ್ಟೇ ಪ್ರಮಾಣ ಇರುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಎಳೆ ಲಿವರಿಗೆ ತೀರಾ ಕಡಿಮೆ. ಮಗು ತೇಲುವ ಗರ್ಭನೀರಿನಲ್ಲೂ ಅದು ಉಳಿದುಕೊಳ್ಳುತ್ತದೆ. ಆ ನೀರನ್ನೇ ಮಗು ಮತ್ತೆ ಮತ್ತೆ ನುಂಗುತ್ತಿರುತ್ತದೆ.

1968ರಲ್ಲಿ ಫ್ರಾನ್ಸಿನ ನಾಂತ್ ಊರಿನ ಮಕ್ಕಳ ವೈದ್ಯ ಪೌಲ್ ಲೆಮ್ವಾನ್, ಕುಡಿಯುವ ತಂದೆತಾಯಿಯರ 127 ಮಕ್ಕಳ ಬಗ್ಗೆ ಬರೆದರು. ಆ ಮಕ್ಕಳು ಒಂದೇ ಮನೆಯವರೇನೋ ಅನ್ನುವಷ್ಟು ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಲೇಖನ ಬಂದದ್ದು ಫ್ರೆಂಚಿನಲ್ಲಿ, ಆ ಭಾಗದ ಸಣ್ಣ ವೈದ್ಯ ಪತ್ರಿಕೆಯಲ್ಲಿ. ಯಾರೂ ಓದಲಿಲ್ಲ ಅಂದರೂ ಆದೀತು.

ಐದು ವರ್ಷ ಕಳೆಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಕ್ರಿಸ್ಟಿ ಉಲ್ಲೆಲಾಂಡ್ ಅನ್ನುವ ಯುವ ವೈದ್ಯೆ, ತೂಕವೇ ಹತ್ತದ ಕೂಸುಗಳ ತಾಯಂದಿರಲ್ಲಿ ಕುಡಿತದ ಚಟ ಇರುವುದನ್ನು ಮೊದಲೇ ಗುರುತಿಸಿದ್ದರು. ಅಂಥ ಮಕ್ಕಳನ್ನು ಡೇವಿಡ್ ಸ್ಮಿತ್ ಮತ್ತು ಕೆನೆತ್ ಲಯನ್ಸ್ ಜೋನ್ಸ್ ಪರೀಕ್ಷೆ ಮಾಡಿದರು. ಹುಟ್ಟಿನಿಂದ ಬರುವ ದೋಷಗಳನ್ನು ಗುರುತಿಸುವುದರಲ್ಲಿ ಸ್ಮಿತ್ ಅವರದು ಪಳಗಿದ ಕಣ್ಣು. ಆ ಮಕ್ಕಳಿಗೆ ಚಿಕ್ಕದಾಗಿ ಸೀಳಿದಂಥ ಕಣ್ಣು. ತೆಳು ಮೇಲ್ತುಟಿ. ಮೂಗಿನ ಕೆಳಗಿಂದ ತುಟಿಯವರೆಗೆ ಎಲ್ಲರಿಗೂ ಒಂದು ತೋಡು ಇರುತ್ತದಲ್ಲ, ಬೆರಳಿಟ್ಟರೆ ಸಿಗುತ್ತದೆ. ಈ ಮಕ್ಕಳಿಗೆ ಅಲ್ಲಿ ಸಪಾಟು. 1973ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯ ಪತ್ರಿಕೆಯಲ್ಲಿ ಎಂಟು ಮಕ್ಕಳ ವಿವರ ಬಂತು. ಮೂರು ಬೇರೆ ಬೇರೆ ಜನಾಂಗದ ಮಕ್ಕಳು, ಆದರೂ ಒಂದೇ ಮುಖಲಕ್ಷಣ. ಅದೇ ವರ್ಷ ಇದಕ್ಕೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’, ಅಂದರೆ ಗರ್ಭದಲ್ಲಿರುವಾಗ ಆಲ್ಕೋಹಾಲಿನಿಂದ ಮಗುವಿಗಾಗುವ ತೊಂದರೆಗಳ ಗುಂಪು, ಅನ್ನುವ ಹೆಸರೂ ಬಂತು.

ಕಣ್ಣಿಗೆ ಕಾಣುವ ಮುಖಕ್ಕಿಂತ ಕಾಣದ ಮಿದುಳಿನದೇ ದೊಡ್ಡ ಕಷ್ಟ. ಕಲಿತದ್ದು ನಿಲ್ಲುವುದಿಲ್ಲ. ಲೆಕ್ಕ ಹತ್ತುವುದಿಲ್ಲ. ಸಿಟ್ಟು ಹತೋಟಿಗೆ ಬರುವುದಿಲ್ಲ. ಮುಖ ಸರಿಯಾಗಿಯೇ ಇದ್ದು ಈ ತೊಂದರೆಗಳಷ್ಟೇ ಇರುವ ಮಕ್ಕಳೂ ಇದ್ದಾರೆ. ಅಂಥವರನ್ನು ಶಾಲೆಯಲ್ಲಿ ದಡ್ಡ, ತುಂಟ ಅಂತ ಬೈದು ಕೂರಿಸುತ್ತಾರೆ.

1981ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯಾಧಿಕಾರಿ, ಗರ್ಭಿಣಿಯರು ಕುಡಿಯಲೇಬಾರದು ಅಂತ ಸಲಹೆ ಹೊರಡಿಸಿದರು. 1989ರ ನವೆಂಬರಿನಿಂದ ಅಲ್ಲಿನ ಪ್ರತಿ ಬಾಟಲಿಯ ಮೇಲೂ ಆ ಎಚ್ಚರಿಕೆ ಬಂತು.

ಜಗಳ ಶುರುವಾದದ್ದು ಇಲ್ಲಿಂದ. ಜಾಸ್ತಿ ಕುಡಿದರೆ ಕೆಡುಕು ಅನ್ನುವುದು ಗೊತ್ತಾಯಿತು. ವಾರಕ್ಕೊಂದು ಗ್ಲಾಸ್ ಕುಡಿದರೆ? ಬ್ರಿಟನ್ನಿನ ಸರ್ಕಾರ 90ರ ದಶಕದ ನಡುವಿನಲ್ಲಿ, ವಾರಕ್ಕೆ ಒಂದೆರಡು ಸಲ ಒಂದೆರಡು ಯೂನಿಟ್ ಮೀರಬೇಡಿ ಅಂದಿತ್ತು. 2007ರಲ್ಲಿ ಕುಡಿಯದಿರುವುದೇ ಒಳ್ಳೆಯದು ಅಂದಿತು. ಮರುವರ್ಷ ಅದೇ ದೇಶದ ಇನ್ನೊಂದು ಆರೋಗ್ಯ ಸಂಸ್ಥೆ, ಮೊದಲ ಮೂರು ತಿಂಗಳು ಬೇಡ, ಆಮೇಲೆ ಕುಡಿಯಲೇಬೇಕೆಂದರೆ ಆ ಹಳೇ ಮಿತಿಯೊಳಗಿರಿ ಅಂತ ಬರೆಯಿತು. 2016ರಲ್ಲಿ ಕೊನೆಗೆ ಎಲ್ಲರೂ ಒಂದೇ ಮಾತಿಗೆ ಬಂದರು: ಬೇಡವೇ ಬೇಡ. ಈ ಹತ್ತು ವರ್ಷದಲ್ಲಿ ಎರಡು ಹೆರಿಗೆ ಆದ ಒಬ್ಬಳೇ ತಾಯಿಗೆ ಎರಡು ಬೇರೆ ಸಲಹೆ ಸಿಕ್ಕಿರಬಹುದು.

ಈ ಯೂನಿಟ್ ಲೆಕ್ಕವನ್ನು ನಮ್ಮ ಗ್ಲಾಸಿಗೆ ಸುರಿದು ನೋಡಬೇಕು. ಅವರ ಒಂದು ಯೂನಿಟ್ ಅಂದರೆ 8 ಗ್ರಾಂ ಆಲ್ಕೋಹಾಲ್. ನಮ್ಮಲ್ಲಿ ಲಾರ್ಜ್ ಅಂದರೆ 60 ಮಿಲಿ. ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್. ಅಂದರೆ ಒಂದೇ ಲಾರ್ಜಿನಲ್ಲಿ ಸುಮಾರು 20 ಗ್ರಾಂ, ಎರಡೂವರೆ ಯೂನಿಟ್. ಶೇ 8ರ 650 ಮಿಲಿ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಐದು ಯೂನಿಟ್. ಶೇ 5ರ 330 ಮಿಲಿ ಪಿಂಟಿನಲ್ಲಿ ಒಂದೂವರೆಗಿಂತ ತುಸು ಜಾಸ್ತಿ. ವಿದೇಶದ ಅಧ್ಯಯನವೊಂದು ‘ಲಘುವಾಗಿ ಕುಡಿದರೆ ತೊಂದರೆ ಕಾಣಲಿಲ್ಲ’ ಅಂದಾಗ ಅವರು ಒಂದು ಸಲಕ್ಕೆ ಕುಡಿದದ್ದು ನಮ್ಮ ಒಂದು ಸ್ಟ್ರಾಂಗ್ ಬಾಟಲಿಯ ಅರ್ಧವೂ ಇರಲಿಕ್ಕಿಲ್ಲ. ಸುದ್ದಿಯ ತಲೆಬರಹದಲ್ಲಿ ಈ ಅಳತೆ ಇರುವುದಿಲ್ಲ.

ಹಾಗೆ ಹೇಳಿದ ಅಧ್ಯಯನಗಳು ಇವೆ, ನಿಜ. 2012ರಲ್ಲಿ ಡೆನ್ಮಾರ್ಕಿನವರು 1,628 ತಾಯಂದಿರನ್ನೂ ಅವರ ಐದು ವರ್ಷದ ಮಕ್ಕಳನ್ನೂ ಪರೀಕ್ಷಿಸಿದರು. ವಾರಕ್ಕೆ ಒಂದರಿಂದ ನಾಲ್ಕು ಡ್ರಿಂಕ್ (ಅಲ್ಲಿನ ಒಂದು ಡ್ರಿಂಕ್ ಅಂದರೆ 12 ಗ್ರಾಂ ಆಲ್ಕೋಹಾಲ್) ಕುಡಿದವರ ಮಕ್ಕಳಿಗೂ ಕುಡಿಯದವರ ಮಕ್ಕಳಿಗೂ ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದವು. ಕುಡಿಯದಿರುವುದೇ ಸರಿ ಅಂತ ಅದೇ ಸಂಶೋಧಕರು ಹೇಳಿದ್ದು ಅಷ್ಟಾಗಿ ಕೇಳಿಸಲಿಲ್ಲ.

ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಅಲ್ಲಿ ವಾರಕ್ಕೊಂದು ಗ್ಲಾಸ್ ವೈನ್ ಕುಡಿಯುವ ಬಸುರಿಯರಲ್ಲಿ ಹೆಚ್ಚಿನವರು ಓದಿದವರು, ಅನುಕೂಲಸ್ಥರು. ಅವರ ಮನೆಯಲ್ಲಿ ಪುಸ್ತಕ ಇರುತ್ತದೆ, ಒಳ್ಳೆ ಊಟ ಇರುತ್ತದೆ. ಮಗುವಿಗೆ ಸಣ್ಣ ಪೆಟ್ಟು ಬಿದ್ದಿದ್ದರೂ ಅದೆಲ್ಲ ಸೇರಿ ಮುಚ್ಚಿಬಿಡಬಹುದು. ಬಸುರಿಯರಿಗೆ ಮದ್ಯ ಕೊಟ್ಟು ನೋಡುವಂಥ ಪ್ರಯೋಗವನ್ನಂತೂ ಯಾರೂ ಮಾಡಲಾಗದು, ಮಾಡಲೂಬಾರದು.

ಇಂಗ್ಲೆಂಡಿನ ಬ್ರಿಸ್ಟಲ್ಲಿನ ಸಂಶೋಧಕರು ಅದೇ 2012ರಲ್ಲಿ ಒಂದು ಜಾಣ ದಾರಿ ಹುಡುಕಿದರು. ಆಲ್ಕೋಹಾಲನ್ನು ಕರಗಿಸುವ ವೇಗ ಜೀನ್‌ಗಳ ಮೇಲೆ ನಿಂತಿದೆ. ಜೀನ್ ಬಡವ ಬಲ್ಲಿದ ಅಂತ ನೋಡುವುದಿಲ್ಲ. 4,000ಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ಜೀನ್ ಹಿಡಿದು ನೋಡಿದಾಗ, ಕೆಲವು ಜೀನ್ ಬದಲಾವಣೆಗಳಿದ್ದ ಮಕ್ಕಳ ಐಕ್ಯೂ ಎಂಟನೇ ವಯಸ್ಸಿನಲ್ಲಿ ಕಡಿಮೆ ಇತ್ತು. ಒಂದೊಂದು ಬದಲಾವಣೆಗೆ ಸುಮಾರು 1.8 ಅಂಕ. ಇದು ಕಂಡದ್ದು ವಾರಕ್ಕೆ ಒಂದರಿಂದ ಆರು ಯೂನಿಟ್ ಕುಡಿದ ತಾಯಂದಿರ ಮಕ್ಕಳಲ್ಲಿ ಮಾತ್ರ. ಕುಡಿಯದವರ ಮಕ್ಕಳಲ್ಲಿ ಆ ಜೀನ್‌ಗಳು ಏನೂ ಮಾಡಿರಲಿಲ್ಲ. 2017ರಲ್ಲಿ ಅದೇ ಊರಿನ ಇನ್ನೊಂದು ತಂಡ ಅಲ್ಲಿಯವರೆಗಿನ ಅಧ್ಯಯನಗಳನ್ನು ಜೋಡಿಸಿ ನೋಡಿತು. ವಾರಕ್ಕೆ ನಾಲ್ಕು ಯೂನಿಟ್ ಒಳಗೆ ಕುಡಿದವರಲ್ಲೂ ಮಗು ಬಸಿರಿನ ವಾರಗಳಿಗೆ ತಕ್ಕಷ್ಟು ದೊಡ್ಡದಿರದ ಸಾಧ್ಯತೆ ಶೇ 8ರಷ್ಟು ಹೆಚ್ಚು. ಉಳಿದ ವಿಷಯಗಳಿಗೆ ಪುರಾವೆ ಅಚ್ಚರಿಯಾಗುವಷ್ಟು ಕಡಿಮೆ ಅಂತ ಅವರು ಬರೆದರು.

ಪುರಾವೆ ಕಡಿಮೆ ಅಂದರೆ ಅಪಾಯ ಇಲ್ಲ ಅಂತಲ್ಲ. ಇದನ್ನೇ ಎಷ್ಟೋ ಜನ ತಿರುಗಿಸಿ ಓದುತ್ತಾರೆ. ಒಬ್ಬಳಿಗೆ ಏನೂ ಆಗದ ಪ್ರಮಾಣ ಇನ್ನೊಬ್ಬಳ ಮಗುವಿಗೆ ಪೆಟ್ಟು ಕೊಡಬಹುದು. ಯಾರ ಮಗುವಿನ ಜೀನ್ ಹೇಗಿದೆ ಅಂತ ಮೊದಲೇ ಯಾರಿಗೆ ಗೊತ್ತು? ಬಿಟ್ಟರೆ ಕಳೆದುಕೊಳ್ಳುವುದು ಒಂಬತ್ತು ತಿಂಗಳ ಬಿಯರ್ ಅಷ್ಟೇ ಅಲ್ವಾ? ಹಾಗಾಗಿ ‘ಕುಡಿಯಬಹುದಾ’ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ ಅಂತಲೇ.

‘ಗೊತ್ತಿಲ್ಲದೆ ಕುಡಿದೆ’ ಅಂತ ಅಳುವವಳಿಗೆ ಅದೇ ಉತ್ತರ ಸಲ್ಲದು. ಮಗುವಿನ ಮುಖ ರೂಪುಗೊಳ್ಳಲು ಶುರುವಾಗುವುದು ಗರ್ಭ ಕಟ್ಟಿದ ಮೂರನೇ ವಾರದಲ್ಲಿ. ಮುಟ್ಟು ತಪ್ಪಿದೆ ಅಂತ ತಾಯಿಗೆ ಆಗಷ್ಟೇ ಅನುಮಾನ ಬಂದಿರುತ್ತದೆ. ಆ ಹೊತ್ತಿನಲ್ಲಿ ಒಂದು ಸಂಜೆ ಕುಡಿದ ಎರಡು ಪಿಂಟಿಗೂ ಸಿಯಾಟಲ್ಲಿನ ಆ ತಾಯಂದಿರ ದಿನನಿತ್ಯದ ಕುಡಿತಕ್ಕೂ ಬಹಳ ದೂರ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಯಾವ ತಿಂಗಳಲ್ಲಿ ನಿಲ್ಲಿಸಿದರೂ ಲಾಭವೇ. ನನ್ನ ತಂಗಿಗೆ ಹೇಳಿದ್ದೂ ಇಷ್ಟನ್ನೇ: ಇವತ್ತಿಂದ ನಿಲ್ಸು, ಡಾಕ್ಟರ ಹತ್ರ ಮುಚ್ಚಿಡಬೇಡ, ರಾತ್ರಿ ಮಲ್ಕೋ.

ಡಾಕ್ಟರ ಹತ್ತಿರ ಮುಚ್ಚಿಡುವುದಿದೆಯಲ್ಲ, ನಮ್ಮಲ್ಲಿ ಅದೇ ದೊಡ್ಡ ಸಮಸ್ಯೆ ಅಂತ ನನಗನ್ನಿಸುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ಕುಡಿಯುವವರು ಶೇ 1, ಗಂಡಸರಲ್ಲಿ ಶೇ 19. ಶೇ 1 ಅಂದರೂ ಲಕ್ಷಗಟ್ಟಲೆ ಹೆಂಗಸರು. ಮೈಕೈ ನೋವಿಗೆ ಅಂತ ಸಂಜೆ ಒಂದಿಷ್ಟು ಕುಡಿದು ಮಲಗುವ ಕೂಲಿಯವರೂ ಇದ್ದಾರೆ, ಆಫೀಸಿನ ಹುಡುಗಿಯರೂ ಇದ್ದಾರೆ. ತಂಗಿಯ ಮೊದಲ ತಪಾಸಣೆಗೆ ನಾನೂ ಹೋಗಿದ್ದೆ. ಶುಗರ್, ಬಿಪಿ, ಥೈರಾಯ್ಡ್, ಮನೆಯಲ್ಲಿ ಯಾರಿಗಾದರೂ ಅವಳಿ ಹುಟ್ಟಿದ್ದಾವಾ ಅಂತ ಕೂಡ ಕೇಳಿದರು. ಕುಡಿತದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಅವಮಾನ ಆಗುತ್ತೇನೋ ಅನ್ನುವ ಸಂಕೋಚ ಇರಬೇಕು. ಅತ್ತೆ ಪಕ್ಕದಲ್ಲೇ ಕೂತಿದ್ದರು. ತಂಗಿ ನನ್ನ ಮುಖ ನೋಡಿದಳು. ಬಾಗಿಲವರೆಗೆ ಬಂದವಳು ಏನೋ ಮರೆತವಳಂತೆ ಒಬ್ಬಳೇ ಹಿಂದಕ್ಕೆ ಹೋಗಿ ಹೇಳಿ ಬಂದಳು.

2019ರ ಏಪ್ರಿಲಿನಿಂದ ನಮ್ಮ ದೇಶದ ಮದ್ಯದ ಬಾಟಲಿಗಳ ಮೇಲೂ ಎಚ್ಚರಿಕೆ ಕಡ್ಡಾಯ. ಮದ್ಯ ಸೇವನೆ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಅಂತ ಅದರಲ್ಲಿದೆ. ಬಸುರಿಯ ಮಾತು ಅದರಲ್ಲಿ ಇಲ್ಲ. ಫ್ರಾನ್ಸಿನ ಬಾಟಲಿಗಳ ಮೇಲೆ 2007ರಿಂದ ಒಂದು ಪುಟ್ಟ ಚಿತ್ರ ಇದೆ. ಹೊಟ್ಟೆ ಮುಂದಾದ ಒಬ್ಬ ಹೆಂಗಸು, ಕೈಯಲ್ಲಿ ಗ್ಲಾಸು, ಅದರ ಮೇಲೆ ಅಡ್ಡಗೆರೆ. ಓದು ಬರದವರಿಗೂ ಅದು ಅರ್ಥವಾಗುತ್ತದೆ. ಆ ಚಿತ್ರ ನಮ್ಮ ಬಾಟಲಿಗಳ ಮೇಲೂ ಬರಬೇಕು.