ಸೊಂಟದ ರಿವಾಲ್ವರ್ ಎಲ್ಲಿರಬೇಕು? ಲೈಸೆನ್ಸ್‌ದಾರರಿಗೆ ಒಂದು ಟಿಪ್ಪಣಿ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಹಿರಿಯರು ಅದನ್ನು ಹೆಗಲಿಗೇರಿಸಿ ತೋಟ ಸುತ್ತಿದ್ದನ್ನು ನೋಡಿಕೊಂಡೇ ಬೆಳೆದವರು ನಮ್ಮಲ್ಲಿ ತುಂಬ ಜನ. ಆದರೆ ರಿವಾಲ್ವರ್, ಪಿಸ್ತೂಲಿನ ಕಥೆ ಬೇರೆ. ಕೋವಿಯನ್ನು ಮೂಲೆಗೆ ಒರಗಿಸಿ ಕಾಫಿ ಕುಡಿಯಬಹುದು. ರಿವಾಲ್ವರ್ ಮೈಗೆ ಅಂಟಿಕೊಂಡೇ ಇರುತ್ತದೆ. ಕೂತರೆ ಕೂರುತ್ತದೆ, ಬಗ್ಗಿದರೆ ಬಗ್ಗುತ್ತದೆ, ಜಾರಿಬಿದ್ದರೆ ನಮ್ಮ ಜೊತೆಗೇ ಬೀಳುತ್ತದೆ.

ಆತ್ಮರಕ್ಷಣೆಗೆ ಲೈಸೆನ್ಸ್ ಪಡೆದವರಿಗೆ, ಅರ್ಜಿ ಹಾಕಿ ತರಬೇತಿಗೆ ಹೋಗುತ್ತಿರುವವರಿಗೆ ಈ ಟಿಪ್ಪಣಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ಹಿಡಿಯುವುದು, ಗುರಿ ಇಡುವುದು, ಸುರಕ್ಷತೆಯ ನಿಯಮಗಳು ಎಲ್ಲ ಬರುತ್ತವೆ. ಆಮೇಲೆ ಉಳಿಯುವ ಪ್ರಶ್ನೆ ಇದು: ಮೈಮೇಲೆ ಎಲ್ಲಿ?

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವುದೆಲ್ಲ ಅಮೆರಿಕದವರ ಸಲಹೆ. ಅವರ ಲೆಕ್ಕ ಪೂರ್ತಿ ಒಂದೇ ವಿಷಯದ ಸುತ್ತ ತಿರುಗುತ್ತದೆ, ಎಷ್ಟು ಬೇಗ ಹೊರಗೆ ತೆಗೆಯಬಹುದು ಅಂತ. ನಮ್ಮ ಕಾನೂನು ಆ ಲೆಕ್ಕವನ್ನೇ ಬದಲಿಸುತ್ತದೆ. ಅದಕ್ಕೆ ಮೊದಲು ಕಾನೂನು ನೋಡೋಣ.

ನಿಯಮ ಏನು ಹೇಳುತ್ತದೆ

ಮೂಲ ಕಾಯ್ದೆ 1959ರದು. ಒಯ್ಯುವ ರೀತಿಯನ್ನು ಹೇಳುವುದು 2016ರ ಶಸ್ತ್ರಾಸ್ತ್ರ ನಿಯಮಗಳು. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು (ರಿವಾಲ್ವರ್, ಪಿಸ್ತೂಲು) ಹೋಲ್‌ಸ್ಟರ್‌ನಲ್ಲಿ, ಅಂದರೆ ಅದನ್ನು ಇಡುವ ಒರೆಯಲ್ಲಿ, ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥದ್ದರಲ್ಲಿ ಇರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವರ ಹತೋಟಿಯಲ್ಲಿರಬೇಕು. ಎತ್ತಿ ತೋರಿಸುವುದು, ಹಾರಿಸುವುದು, ಗುಂಡು ತುಂಬಿಕೊಂಡು ಓಡಾಡುವುದು, ಮೂರನ್ನೂ ಸಾರ್ವಜನಿಕ ಜಾಗದಲ್ಲಿ ನಿಷೇಧಿಸಿದ್ದಾರೆ. ಮುರಿದರೆ ಲೈಸೆನ್ಸೇ ಹೋಗಬಹುದು. ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸುವವರಿಗೆ 2019ರ ತಿದ್ದುಪಡಿ ಬೇರೆ ಇದೆ: 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

"ಖಾಲಿ ರಿವಾಲ್ವರ್ ಕಟ್ಟಿಕೊಂಡು ತಿರುಗಿ ಏನು ಪ್ರಯೋಜನ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಲೈಸೆನ್ಸ್ ಕೊಟ್ಟ ಡಿಸಿ ಕಚೇರಿಯಲ್ಲೇ ಕೇಳಿ. ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಒಂದು ಸಲ ಓದಿಸಿಕೊಳ್ಳಿ. ಸ್ವಂತ ತೋಟದ ಒಳಗೆ ಏನು, ಬೇಲಿ ದಾಟಿದ ಮೇಲೆ ಏನು ಅನ್ನುವುದೂ ಅಲ್ಲೇ ಸ್ಪಷ್ಟವಾಗಲಿ. ನಮ್ಮ ಪಾಠಕ್ಕೆ ಬೇಕಾದದ್ದು ಇಷ್ಟು: ಅರ್ಧ ಸೆಕೆಂಡಿನಲ್ಲಿ ಎಳೆಯುವುದು ನಮ್ಮ ಗುರಿ ಅಲ್ಲ. ಮುಚ್ಚಿರಬೇಕು, ಬೀಳಬಾರದು, ಬೇರೆಯವರ ಕೈಗೆ ಸಿಗಬಾರದು, ನಳಿಗೆ ಯಾರ ಕಡೆಗೂ ತಿರುಗಬಾರದು. ಜಾಗ ಆರಿಸುವಾಗ ಈ ನಾಲ್ಕನ್ನು ಮೊದಲು ನೋಡಿ. ಬೇಗ ತೆಗೆಯುವ ಮಾತು ಕೊನೆಗೆ.

ಇನ್ನೊಂದು, ಸುಮ್ನೆ ಹೇಳಿಬಿಡುತ್ತೇನೆ. ಆನೆ ಕಾಟಕ್ಕೆಂದು ರಿವಾಲ್ವರ್ ಇಟ್ಟುಕೊಳ್ಳುತ್ತೇನೆ ಅನ್ನುವವರು ಇದ್ದಾರೆ. .32 ಗುಂಡು ಆನೆಯನ್ನು ತಡೆಯುವುದಿಲ್ಲ, ಕೆರಳಿಸುತ್ತದೆ. ಜೊತೆಗೆ 1972ರ ವನ್ಯಜೀವಿ ಕಾಯ್ದೆಯ ಕೇಸು ಬೇರೆ.

ಆಯುಧದ ತೂಕ, ದಪ್ಪ

ನಾಗರಿಕರ ಕೈಗೆ ಸಿಗುವುದು ಹೆಚ್ಚಾಗಿ .32 ಬೋರಿನದು. ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ. 9 ಎಂಎಂ ನಿಷೇಧಿತ ಬೋರ್‌ಗಳ ಪಟ್ಟಿಯಲ್ಲಿದೆ. ಕಾನ್ಪುರದ ಕಾರ್ಖಾನೆ 2014ರಲ್ಲಿ ತಂದ 'ನಿರ್ಭೀಕ್' ರಿವಾಲ್ವರ್ ಸುಮಾರು 500 ಗ್ರಾಂ. ಸಾಮಾನ್ಯ ಉಕ್ಕಿನ ರಿವಾಲ್ವರ್ ಅದಕ್ಕಿಂತ ಭಾರ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಇದೇನು ಮಹಾ ಅನ್ನಿಸುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟದ ಒಂದೇ ಕಡೆ ತೂಗಿದಾಗ ಗೊತ್ತಾಗುತ್ತದೆ.

ರಿವಾಲ್ವರಿನಲ್ಲಿ ದಪ್ಪ ಭಾಗ ಸಿಲಿಂಡರ್, ಅಂದರೆ ಗುಂಡು ತುಂಬುವ, ತಿರುಗುವ ಭಾಗ. ಪಕ್ಕೆಗೆ ಒತ್ತುವುದು ಅದೇ. ಪಿಸ್ತೂಲು ಚಪ್ಪಟೆ, ಒತ್ತುವುದು ಕಡಿಮೆ. ಆದರೆ ಎರಡರಲ್ಲೂ ಅಂಗಿಯ ಮೇಲೆ ಉಬ್ಬಿ ಕಾಣುವುದು ಹಿಡಿ. ಬ್ಯಾರಲ್ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ, ಹಿಡಿ ಬೆಲ್ಟಿನ ಮೇಲೆ ಉಳಿಯುತ್ತದೆ. ಉದ್ದ ಬ್ಯಾರಲ್ ಬಚ್ಚಿಡುವುದು ಕಷ್ಟ ಅಂದುಕೊಳ್ಳುತ್ತೇವೆ. ನಿಜವಾಗಿ ಕಷ್ಟ ಕೊಡುವುದು ಉದ್ದ ಹಿಡಿ.

ಸೊಂಟದ ಸುತ್ತ

ಜಾಗ ಹೇಳಲು ಗಡಿಯಾರದ ಲೆಕ್ಕ ಬಳಸುತ್ತಾರೆ. ಹೊಕ್ಕುಳ 12 ಗಂಟೆ. ಬಲ ಸೊಂಟದ ಪಕ್ಕ 3. ಬೆನ್ನಿನ ನಡು 6. ಎಡ ಪಕ್ಕ 9. ಮುಂದಿನದೆಲ್ಲ ಬಲಗೈಯವರ ಲೆಕ್ಕ, ಎಡಚರು ತಿರುಗಿಸಿ ಓದಿಕೊಳ್ಳಿ.

ಮೊದಲು 3 ಗಂಟೆಯ ಜಾಗ, ಅಂದರೆ ಬಲ ಸೊಂಟ. ಹೊಸಬರಿಗೆ ನನ್ನ ಓಟು ಇದಕ್ಕೇ. ಕೈ ತಾನಾಗಿ ಹೋಗುವ ಜಾಗ. ನಳಿಗೆ ನೆಲದ ಕಡೆ ಇರುತ್ತದೆ. ಮೊಣಕೈ ಸ್ವಲ್ಪ ಒತ್ತಿದರೆ ಆಯುಧ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಜನಜಂಗುಳಿಯಲ್ಲಿ ತಳ್ಳಾಟವಾದರೆ ಕೈಯಿಂದ ಕಾಯಲೂ ಆಗುತ್ತದೆ. ತೊಂದರೆ ಬರುವುದು ಸೊಂಟದ ಮೂಳೆ ಎದ್ದು ಕಾಣುವ ತೆಳ್ಳಗಿನವರಿಗೆ. ಆಯುಧ ಸರಿಯಾಗಿ ಮೂಳೆಯ ಮೇಲೆ ಕೂತರೆ ಮಧ್ಯಾಹ್ನದೊಳಗೆ ನೋವು ಶುರು. ಒಂದಿಷ್ಟು ಹಿಂದಕ್ಕೆ, 4 ಗಂಟೆಯ ಕಡೆ ಸರಿಸಿ, ಹಿಡಿಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ ಕಟ್ಟಿದರೆ ಮೂಳೆಯ ಹಿಂದಿನ ತಗ್ಗಿನಲ್ಲಿ ಕೂರುತ್ತದೆ. ವಾಲಿಸಿದ್ದರಿಂದ ಹಿಡಿಯ ಉಬ್ಬೂ ಕಡಿಮೆಯಾಗುತ್ತದೆ. ಆದರೆ ಕಾಫಿ ಗಿಡದ ಬುಡ ನೋಡಲು ಬಗ್ಗಿದಾಗ ಅಂಗಿ ಮೇಲೇರಿ ಹಿಡಿ ಹೊರಗೆ ಇಣುಕಬಹುದು. ಉದ್ದ ಅಂಗಿ ಹಾಕಿ, ಇನ್‌ಶರ್ಟ್ ಮಾಡಬೇಡಿ. ಸೊಂಟದಿಂದ ಬಗ್ಗುವ ಬದಲು ಮಂಡಿ ಮಡಿಸಿ ಕೂರುವ ಅಭ್ಯಾಸ ಮಾಡಿಕೊಳ್ಳಿ, ಬೆನ್ನಿಗೂ ಒಳ್ಳೆಯದು.

1 ಗಂಟೆಯ ಜಾಗ, ಅಂದರೆ ಹೊಕ್ಕುಳದ ಬಲಕ್ಕೆ, ಹೊಟ್ಟೆಯ ಮುಂದೆ. ಹೊರದೇಶದಲ್ಲಿ ಈಗ ಇದಕ್ಕೆ ಭಾರಿ ಬೇಡಿಕೆ. ಬಚ್ಚಿಡಲು ಸುಲಭ, ಕಣ್ಣ ಮುಂದೇ ಇರುತ್ತದೆ, ಹಿಂದಿನಿಂದ ಯಾರೂ ಕಸಿಯಲಾರರು. ಇದೆಲ್ಲ ನಿಜ. ಆದರೆ ಕೂತಾಗ ನಳಿಗೆ ಎತ್ತ ನೋಡುತ್ತದೆ ಯೋಚಿಸಿ. ತೊಡೆಸಂದು. ತೊಡೆಗೆ ಹೋಗುವ ದೊಡ್ಡ ರಕ್ತನಾಳ ಅಲ್ಲೇ ಇದೆ. ಅದು ಹರಿದರೆ ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯ. ಘಟ್ಟದ ದಾರಿಯಿಂದ ದೊಡ್ಡ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಅಂತ ನಮಗೆಲ್ಲ ಗೊತ್ತಲ್ವಾ. ಅಪಾಯದ ಗಳಿಗೆ ಆಯುಧ ವಾಪಸ್ ಸಿಕ್ಕಿಸುವಾಗ. ಅಂಗಿಯ ಚುಂಗು, ಜರ್ಕಿನ್ನಿನ ದಾರ ಟ್ರಿಗರ್ ಸಂದಿಗೆ ಸಿಕ್ಕಿದರೂ ಸಾಕು.

ಇನ್ನು ಹೊಟ್ಟೆಯ ಮಾತು. ಬೊಜ್ಜು ಇದ್ದವರಿಗೆ ಇಲ್ಲಿ ಹಿಡಿ ಹೊಟ್ಟೆಗೆ ಚುಚ್ಚುತ್ತದೆ. ಮದುವೆ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದಂತೂ ಆಗದ ಮಾತು. ತಿಂಗಳುಗಟ್ಟಲೆ ಒತ್ತುತ್ತಿದ್ದರೆ ಇನ್ನೊಂದು ತೊಂದರೆ ಉಂಟು. ತೊಡೆಯ ಹೊರಭಾಗದ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಮುಂದಿನ ತುದಿಯ ಹತ್ತಿರ ಹಾದುಹೋಗುತ್ತದೆ. ಬಿಗಿ ಬೆಲ್ಟು, ಗಟ್ಟಿ ವಸ್ತು ಅದನ್ನು ಒತ್ತಿದರೆ ತೊಡೆ ಜುಮ್ಮೆನ್ನುತ್ತದೆ, ಉರಿಯುತ್ತದೆ, ಮರಗಟ್ಟುತ್ತದೆ. ಹಾಗಾದರೆ ತಡೆದುಕೊಂಡು ಕೂರಬೇಡಿ. ಬೆಲ್ಟು ಸಡಿಲಿಸಿ, ಜಾಗ ಬದಲಿಸಿ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

6 ಗಂಟೆ, ಬೆನ್ನಿನ ನಡು. ಸಿನಿಮಾದಲ್ಲಿ ಹೀರೋ ಸಿಕ್ಕಿಸಿಕೊಳ್ಳುವ ಜಾಗ. ಬೇಡವೇ ಬೇಡ. ಜೂನ್‌ನಿಂದ ಮೂರ್ನಾಲ್ಕು ತಿಂಗಳು ನಮ್ಮ ಕಡೆ ಕಾಲಿಟ್ಟಲ್ಲೆಲ್ಲ ಪಾಚಿ. ಮಲೆನಾಡಿನಲ್ಲಿ ಜಾರಿದವರು ಬೀಳುವುದು ಹೆಚ್ಚಾಗಿ ಅಂಗಾತ. ಬೆನ್ನುಹುರಿಗೂ ಬಂಡೆಗೂ ನಡುವೆ ಒಂದು ಉಕ್ಕಿನ ತುಂಡು ಇರಬೇಕಾ? ಬಿದ್ದದ್ದು ಹಾಗಿರಲಿ, ಅಲ್ಲಿಟ್ಟದ್ದು ನಮಗೆ ಕಾಣುವುದಿಲ್ಲ, ಹಿಂದೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ಉಳಿದ ಜಾಗಗಳು

ಹೆಗಲ ಹೋಲ್‌ಸ್ಟರ್, ಕಂಕುಳ ಕೆಳಗೆ ತೂಗುವುದು, ಜೀಪು ಓಡಿಸುವವರಿಗೆ ಹಿತ. ಸೊಂಟಕ್ಕೆ ಭಾರವಿಲ್ಲ. ಆದರೆ ಮೇಲೆ ಜರ್ಕಿನ್ ಇರಲೇಬೇಕು. ಬಾಳೂರು, ಕೊಟ್ಟಿಗೆಹಾರದ ಚಳಿಗೆ ಅದು ಸರಿ. ಅರಸೀಕೆರೆ, ಕಡೂರಿನ ಬಿಸಿಲಿಗೆ ಯಾರು ಜರ್ಕಿನ್ ಹಾಕುತ್ತಾರೆ? ಇನ್ನೊಂದು ಕೊರತೆ ಜಾಸ್ತಿ ಮುಖ್ಯ. ಅಡ್ಡವಾಗಿ ತೂಗುವ ಮಾದರಿಯಲ್ಲಿ ನಳಿಗೆ ಸದಾ ನಿಮ್ಮ ಹಿಂದೆ ಇರುವವರ ಕಡೆ ನೋಡುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ. ನಳಿಗೆ ಕೆಳಮುಖವಾಗಿರುವ ಮಾದರಿ ಸಿಕ್ಕರೆ ಮಾತ್ರ ಯೋಚಿಸಿ.

ಪಾದದ ಗಂಟಿನ ಹೋಲ್‌ಸ್ಟರ್ ಗಂಬೂಟು ಹಾಕುವವರಿಗೆ, ಜಿಗಣೆಗೆ ಹೆದರಿ ಕಾಲುಚೀಲ ಏರಿಸುವವರಿಗೆ ಆಗಿಬರುವುದಿಲ್ಲ. ಕೆಸರಂತೂ ಗ್ಯಾರಂಟಿ.

ಜೇಬು? ಚಿಕ್ಕ ಆಯುಧಕ್ಕೆ ಆಗುತ್ತದೆ, ಆದರೆ ಜೇಬಿಗೆಂದೇ ಮಾಡಿದ ಹೋಲ್‌ಸ್ಟರ್ ಬೇಕು, ಆ ಜೇಬಿನಲ್ಲಿ ಬೇರೆ ಏನೂ ಇರಬಾರದು. ಬೀಗದ ಕೈ, ಚಿಲ್ಲರೆ, ಎಲೆಅಡಿಕೆ ಡಬ್ಬಿ ಯಾವುದೂ. ಪಂಚೆ ಉಡುವ ಹಿರಿಯರು ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಇಳಿಬಿಡುವುದುಂಟು. ದುಡ್ಡಿಗೆ ಅದು ಭದ್ರವಾದ ಜಾಗ, ಒಪ್ಪುತ್ತೇನೆ. ರಿವಾಲ್ವರಿಗೆ ಅಲ್ಲ. ಮೆತ್ತನೆ ಬಟ್ಟೆ ಟ್ರಿಗರನ್ನು ಕಾಯುವುದಿಲ್ಲ. ಪಂಚೆ ಉಡುವ ದಿನ ಆಯುಧ ಮನೆಯಲ್ಲೇ ಇರಲಿ.

ಬೆನ್ನುಚೀಲಕ್ಕೆ ನಿಯಮದಲ್ಲಿ ಅವಕಾಶ ಇದೆ. ಆದರೆ ಹತೋಟಿ ಅನ್ನುವ ಮಾತು ಅಲ್ಲೂ ಅನ್ವಯಿಸುತ್ತದೆ. ಚೀಲವನ್ನು ಹೋಟೆಲಿನ ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋದರೆ ಹತೋಟಿ ಎಲ್ಲಿ ಬಂತು? ಚೀಲದಲ್ಲೂ ಹೋಲ್‌ಸ್ಟರ್ ಒಳಗೇ ಇರಬೇಕು, ಆ ಖಾನೆಯಲ್ಲಿ ಅದೊಂದೇ ಇರಬೇಕು.

ಕಾರು, ಬೈಕು

ಅಮೆರಿಕದ ಸಲಹೆ ಇಲ್ಲಿ ತಿರುಗುಮುರುಗಾಗುತ್ತದೆ. ಅವರ ಚಾಲಕ ಎಡಕ್ಕೆ ಕೂರುತ್ತಾನೆ, ಸೀಟ್‌ಬೆಲ್ಟಿನ ಬಕಲ್ ಅವನ ಬಲ ಸೊಂಟಕ್ಕೆ ಬರುತ್ತದೆ. ಅದಕ್ಕೆ ಅವರು ಬಲ ಸೊಂಟದ ಬಗ್ಗೆ ಅಷ್ಟು ಗೊಣಗುವುದು. ನಮ್ಮಲ್ಲಿ ಚಾಲಕನ ಬಕಲ್ ಎಡಕ್ಕೆ. ಬಲ ಸೊಂಟಕ್ಕೆ ಬಕಲಿನ ಕಾಟವಿಲ್ಲ, ಆದರೆ ಬೆಲ್ಟಿನ ಕೆಳಪಟ್ಟಿ ಆ ಕಡೆಯಿಂದಲೇ ಹಾದುಬರುತ್ತದೆ. ಪಟ್ಟಿ ಹಿಡಿಯ ಕೆಳಗೆ, ಮೈಗೆ ತಾಗಿ ಹೋಗಲಿ. ಪಕ್ಕದ ಸೀಟಿನಲ್ಲಿ ಕೂತರೆ ಬಕಲ್ ಬಲಕ್ಕೆ ಬರುತ್ತದೆ. ಬೆಲ್ಟು ಬಿಚ್ಚುವ ಆತುರದಲ್ಲಿ ಕೈ ಹೋಲ್‌ಸ್ಟರಿಗೆ ತಾಗುತ್ತದೆ, ಅಲ್ಲಿ ನಿಧಾನ.

ಒತ್ತುತ್ತದೆ ಅಂತ ಆಯುಧ ತೆಗೆದು ಡ್ಯಾಶ್‌ಬೋರ್ಡಿನಲ್ಲೋ ಸೀಟಿನ ಸಂದಿಯಲ್ಲೋ ಇಡುವುದು ಕೆಟ್ಟ ಅಭ್ಯಾಸ. ಶಿರಾಡಿ, ಚಾರ್ಮಾಡಿಯ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಅದು ಪೆಡಲ್ ಕೆಳಗೆ ಬಂದು ಬೀಳಬಹುದು. ಬೈಕಿನಲ್ಲಿ ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಸೊಂಟದ ಪಕ್ಕವೇ. ಬೈಕಿಗೆ ಯಾವ ಜಾಗವೂ ಚೆನ್ನಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೋಲ್‌ಸ್ಟರ್, ಬೆಲ್ಟು, ಮಳೆ

ಹೋಲ್‌ಸ್ಟರ್ ಟ್ರಿಗರ್ ಭಾಗವನ್ನು ಪೂರ್ತಿ ಮುಚ್ಚಬೇಕು, ಹೊರಗಿನಿಂದ ಒತ್ತಿದರೂ ಒಳಗೆ ಅಲುಗಬಾರದು. ಆಯುಧ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಖಾಲಿ ಆಯುಧ ಇಟ್ಟು, ಹಾಸಿಗೆಯ ಮೇಲೆ ಹಿಡಿದು, ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಅದು ಜಾರಿ ಬೀಳಬಾರದು. ಹಳೇ ಚರ್ಮದ ಹೋಲ್‌ಸ್ಟರ್ ಮೆತ್ತಗಾಗಿ ಮಡಿಕೆ ಬಿದ್ದಿದ್ದರೆ ಆ ಮಡಿಕೆಯೇ ಟ್ರಿಗರ್ ಸಂದಿಗೆ ನುಗ್ಗುತ್ತದೆ. ಅಂಥದ್ದನ್ನು ಎಸೆಯಿರಿ, ಅಜ್ಜನ ಕಾಲದ್ದಾದರೂ ಸರಿ.

ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುವುದು ನಮಗೆ ಹೊಸದಲ್ಲ. ಚರ್ಮ ತೇವ ಹೀರಿಕೊಂಡು ಉಕ್ಕಿಗೆ ಅಂಟಿಸಿ ಇಡುತ್ತದೆ, ತುಕ್ಕು ಹಿಡಿಯುತ್ತದೆ. ಬೆವರಿನ ಉಪ್ಪೂ ಅಷ್ಟೇ. ಗಟ್ಟಿ ಪ್ಲಾಸ್ಟಿಕ್ಕಿನದು ನೀರು ಹೀರುವುದಿಲ್ಲ, ಆಕಾರ ಕೆಡುವುದಿಲ್ಲ. ನೋಡಲು ಅಂದವಿಲ್ಲ, ಮೈಗೆ ಸ್ವಲ್ಪ ಗಡಸು. ಒಳಗೆ ಒಂದು ಬನಿಯನ್ ಇದ್ದರೆ ಅದೂ ಅಭ್ಯಾಸವಾಗುತ್ತದೆ. ಬೆಲ್ಟು ಒಂದೂವರೆ ಇಂಚು ಅಗಲದ್ದು, ಗಟ್ಟಿಯದ್ದು ಇರಲಿ. ಹೋಲ್‌ಸ್ಟರಿಗೆ ಸಾವಿರಾರು ಕೊಟ್ಟು ಸಂತೆಯ ಬೆಲ್ಟು ಕಟ್ಟಿದರೆ ಎಲ್ಲ ಜೋತುಬೀಳುತ್ತದೆ.

ಮನೆಯಲ್ಲೇ ಪರೀಕ್ಷೆ

ಮೊದಲು ಖಾಲಿ ಮಾಡಿ. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು ಒಳಗೆ ನೋಡಿ, ಬೆರಳಿನಿಂದ ಮುಟ್ಟಿಯೂ ನೋಡಿ. ಈ ಕ್ರಮ ತಪ್ಪಿದರೆ ಸ್ಲೈಡ್ ಎಳೆದಾಗ ಹೊಸ ಗುಂಡು ಒಳಗೆ ಬಂದು ಕೂರುತ್ತದೆ. ರಿವಾಲ್ವರಾದರೆ ಸಿಲಿಂಡರಿನ ಪ್ರತಿ ತೂತನ್ನೂ ನೋಡಿ. ಕಾಡತೂಸು ಬೇರೆ ಕೋಣೆಯಲ್ಲಿರಲಿ. ಖಾಲಿ ಅಂತ ಖಾತ್ರಿಯಾದ ಮೇಲೂ ತುಂಬಿದೆ ಅಂತಲೇ ನಡೆದುಕೊಳ್ಳಿ.

ಆಮೇಲೆ ಅದನ್ನು ಕಟ್ಟಿಕೊಂಡು ಮನೆಯೊಳಗೆ ನಿಮ್ಮ ದಿನಚರಿ ಮಾಡಿ. ನೆಲಕ್ಕೆ ಕೂತು ಊಟ ಮಾಡಿ, ಮೆಟ್ಟಿಲು ಹತ್ತಿ ಇಳಿಯಿರಿ, ಅಟ್ಟದ ಡಬ್ಬ ತೆಗೆಯಲು ಕೈ ಎತ್ತಿ. ಯಾರೂ ಬರೆಯದ ಇನ್ನೊಂದು ಪರೀಕ್ಷೆ ಶೌಚಾಲಯದ್ದು. ನಮ್ಮ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಇನ್ನೂ ಇವೆ. ಬೆಲ್ಟು ಸಡಿಲವಾದ ಕೂಡಲೇ ಆಯುಧ ಹಿಂದಕ್ಕೆ ಉರುಳುತ್ತದೆ. ಮೊಳೆಗೆ ನೇತುಹಾಕಿದರೆ ಮರೆತು ಬರುತ್ತೀರಿ. ಹೋಲ್‌ಸ್ಟರ್ ಸಮೇತ ಬಿಚ್ಚಿ ಕಣ್ಣೆದುರೇ ಇಟ್ಟುಕೊಳ್ಳುವುದು ಸರಿ. ಮನೆಯಿಂದ ಹೊರಡುವ ಮೊದಲೇ ಆ ಕೆಲಸ ಮುಗಿಸುವುದು ಇನ್ನೂ ಸರಿ.

ಕೆಲವು ದಿನ ಕಟ್ಟಿಕೊಳ್ಳದೇ ಇರುವುದೇ ಉತ್ತರ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಆ ಸಾಲಿನ ನೂಕುನುಗ್ಗಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮದ್ಯ ಕುಡಿಯುವ ಸಂಜೆಯೂ ಅಷ್ಟೇ. ಚುನಾವಣೆ ಬಂದಾಗ ಆಯುಧ ಠೇವಣಿ ಇಡಲು ಠಾಣೆಯಿಂದ ಕರೆ ಬರುತ್ತದೆ. ವಿನಾಯಿತಿ ಬೇಕಾದವರು ಕಾರಣ ಬರೆದು ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬೇಕು. ಠೇವಣಿ ಇಟ್ಟರೆ ರಸೀದಿಯನ್ನು ಜೋಪಾನ ಮಾಡಿ.

ರಾತ್ರಿ ಮನೆಗೆ ಬಂದಾಗ ಆಯುಧವನ್ನು ಹೋಲ್‌ಸ್ಟರಿನಿಂದ ಎಳೆದು ತೆಗೆಯಬೇಡಿ. ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ, ನಿಧಾನವಾಗಿ ಕೂತು, ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಆಚೆ ತೆಗೆಯಿರಿ. ಖಾಲಿ ಇದೆಯಾ ನೋಡಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಹೋಲ್‌ಸ್ಟರ್ ಹೊರಗೆ ಒಣಗಲಿ. ಕಾಡತೂಸಿಗೆ ಬೇರೆ ಬೀಗ, ಕೀಲಿಕೈ ಎರಡೂ ನಿಮ್ಮ ಹತ್ತಿರ.