ದಂಡೆಯ ಮೇಲೆ ನಿಲ್ಲುವವರಿಗೂ ಬೇಕು ವಾಟರ್ ಶೂ

ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದವರಿಗೆ ಸಮುದ್ರ ದೂರವಲ್ಲ. ಬೆಳಿಗ್ಗೆ ಬೇಗ ಬಿಟ್ಟರೆ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಊಟದ ಹೊತ್ತಿಗೆ ಗೋಕರ್ಣ ಸೇರಬಹುದು. ಮರುದಿನ ಮುರ್ಡೇಶ್ವರ. ಇತ್ತೀಚೆಗೆ ಹೊರಡುವ ಮುಂಚೆ ವಾಟರ್ ಶೂ, ಅಂದರೆ ನೀರಲ್ಲಿ ಹಾಕಿಕೊಂಡೇ ನಡೆಯುವ ಶೂ, ಕೊಳ್ಳುವ ರೂಢಿಯೂ ಬಂದಿದೆ. ಒಳ್ಳೆಯ ರೂಢಿ. ಆದರೆ ಕೊಳ್ಳುವುದು ಮಕ್ಕಳಿಗೆ ಮತ್ತು ನೀರಿಗಿಳಿಯುವ ಹರೆಯದವರಿಗೆ ಮಾತ್ರ. ಮನೆಯಲ್ಲಿ ಶುಗರ್ ಇರುವ ಹಿರಿಯರಿಗೆ ತಗೊಂಡಿದ್ದೀರಾ ಅಂತ ಕೇಳಿದರೆ, "ಅವರೇನು ಈಜತಾರೇನ್ರೀ ಡಾಕ್ಟರ್, ದಂಡಿ ಮ್ಯಾಲೆ ನಿಂದರತಾರ" ಅನ್ನುತ್ತಾರೆ.

ಪ್ರವಾಸ ಮುಗಿಸಿ ಕಾಲು ತೋರಿಸಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೀಗೆ ದಂಡೆಯ ಮೇಲೆ ನಿಂತವರೇ. ಚಪ್ಪಲಿ ಕೈಯಲ್ಲಿ ಹಿಡಿದು ಮಧ್ಯಾಹ್ನದ ಮರಳಲ್ಲಿ ನಡೆದಿರುತ್ತಾರೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಒಣ ಮರಳು 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮಗೆ ನಿಮಗೆ ಸುಟ್ಟರೆ ಓಡಿಹೋಗಿ ನೀರಲ್ಲಿ ನಿಲ್ಲುತ್ತೇವೆ. ವರ್ಷಗಟ್ಟಲೆ ಶುಗರ್ ಇದ್ದು ಕಾಲಿನ ನರ ದುರ್ಬಲ ಆದವರಿಗೆ ಆ ಉರಿ ತಿಳಿಯುವುದೇ ಇಲ್ಲ. ರಾತ್ರಿ ಕಾಲು ತೊಳೆಯುವಾಗ ಅಂಗಾಲಲ್ಲಿ ನೀರುಗುಳ್ಳೆ ಕಾಣುತ್ತದೆ. ಚಿಪ್ಪು ಚುಚ್ಚಿದರೂ ಅಷ್ಟೇ, ಯಾರೋ ರಕ್ತದ ಹೆಜ್ಜೆ ನೋಡಿ ಹೇಳಬೇಕು.

"ಅಂಗಾಲಿಗೆ ಹತ್ತಿ ಕಟ್ಟಿದಂಗ ಅನಸತದರೀ", "ಚಪ್ಪಲಿ ಯಾವಾಗ ಜಾರಿ ಬಿದ್ದೀತೋ ಗೊತ್ತಾಗೂದಿಲ್ಲ" ಅಂತ ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ನೆ ಬಿಡಬೇಡಿ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ ಇದೆ. ಎಳೆ ಬಾಗುವಾಗ ಬೀಳುವುದು 10 ಗ್ರಾಂ ಒತ್ತಡ. ಅದು ತಿಳಿಯದ ಕಾಲಿಗೆ ರಕ್ಷಣೆ ಬೇಕೇ ಬೇಕು. ಪ್ರವಾಸಕ್ಕೆ ಮುಂಚೆ ಮಾಡಿಸಿಕೊಳ್ಳಿ. ಕೆಲವೇ ನಿಮಿಷದ ಕೆಲಸ, ನೋವಿಲ್ಲ.

ಈಗ ಶೂ ವಿಷಯ. ಕಾಲುಚೀಲದಂತೆ ಇರುವ ತೆಳು ಬಗೆ ಒಂದಿದೆ. ಮೇಲೆ ನಿಯೋಪ್ರೀನ್ (ಮೆತ್ತನೆಯ ಕೃತಕ ರಬ್ಬರ್) ಅಥವಾ ಹಿಗ್ಗುವ ಬಟ್ಟೆ, ಕೆಳಗೆ ತೆಳ್ಳನೆ ರಬ್ಬರ್. ಹಗುರ, ಅಗ್ಗ. ಕಾರವಾರದ ಟ್ಯಾಗೋರ್ ಬೀಚಿನಂಥ ಮರಳಿನ ದಂಡೆಯಲ್ಲಿ ಆರೋಗ್ಯವಂತ ಕಾಲಿಗೆ ಇದು ಸಾಕು. ಗೋಕರ್ಣದ ಓಂ ಬೀಚಿನ ಬಂಡೆಗಳ ಮೇಲೆ ಸಾಲದು. ಅಲೆ ಬಡಿಯುವ ಬಂಡೆಗೆ ಸಿಂಪಿ, ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಸಣ್ಣ ಜೀವಿ ಅಂಟಿಕೊಂಡಿರುತ್ತವೆ. ಅವುಗಳ ಅಂಚು ಬ್ಲೇಡಿನಷ್ಟು ಚೂಪು. ಅಲ್ಲಿಗೆ ಬೇಕಾದದ್ದು ದಪ್ಪ ರಬ್ಬರ್ ಅಡಿಯ, ಮುಂಭಾಗ ಮುಚ್ಚಿದ, ಮೇಲೆ ಜಾಲರಿ ಬಟ್ಟೆ ಇರುವ ಬಗೆ. ನರ ದುರ್ಬಲ ಇದ್ದವರಿಗೆ ಮರಳಿನ ದಂಡೆಯಲ್ಲೂ ಇದನ್ನೇ ಕೊಡಿಸಿ.

ಅಂಗಡಿಯಲ್ಲಿ ಶೂ ಕೈಗೆ ತಗೊಂಡು ಬಗ್ಗಿಸಿ ನೋಡಿ. ಬೆರಳಿನ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿ ಎರಡಾದರೆ ಬೇಡ. ಒಳಗೆ ಕೈಹಾಕಿ ಹೊಲಿಗೆಯ ಮೇಲೆ ಬೆರಳಾಡಿಸಿ. ನಿಮ್ಮ ಬೆರಳಿಗೆ ತಾಗುವ ಗಂಟು, ನೆನೆದು ಮೆತ್ತಗಾದ ಚರ್ಮವನ್ನು ಅರ್ಧ ಗಂಟೆಯಲ್ಲಿ ಕಿತ್ತು ಹಾಕುತ್ತದೆ. ಅಡಿಯಲ್ಲೋ ಪಕ್ಕದಲ್ಲೋ ನೀರು ಹರಿದುಹೋಗಲು ತೂತು ಇರಲಿ. ತೀರಾ ದೊಡ್ಡ ತೂತಾದರೆ ಮರಳು ಒಳಗೆ ಬರುತ್ತದೆ. ಒಳಗಿನ ಮೆತ್ತೆ ತೆಗೆಯಲು ಬಂದರೆ ಒಳ್ಳೆಯದು, ಕೆಳಗೆ ಸಿಕ್ಕಿಕೊಂಡ ಮರಳನ್ನು ಝಾಡಿಸಬಹುದು.

ಅಳತೆಯಲ್ಲೇ ಜಾಸ್ತಿ ಜನ ಎಡವುವುದು. ವಾಟರ್ ಶೂ ಕಾಲಿಗೆ ಅಂಟಿದ ಹಾಗೆ ಕೂರಬೇಕು. ಹಿಮ್ಮಡಿ ಏಳಬಾರದು. ಸಡಿಲ ಇದ್ದರೆ ನೀರು ತುಂಬಿ ಭಾರ ಆಗುತ್ತದೆ, ಅಲೆ ಎಳೆದುಕೊಂಡು ಹೋಗುತ್ತದೆ. ಹಾಗಂತ ಬೆರಳು ತುದಿಗೆ ಒತ್ತಲೂಬಾರದು. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಇರಲಿ. ಸಂಜೆ ಹೊತ್ತು ಕಾಲು ಸ್ವಲ್ಪ ಬಾತಿರುತ್ತದೆ. ಆದ್ದರಿಂದ ಕೊಪ್ಪೀಕರ್ ರಸ್ತೆಗೋ ಧಾರವಾಡದ ಸುಭಾಸ್ ರಸ್ತೆಗೋ ಸಂಜೆಯೇ ಹೋಗಿ. ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಳೇ ಚಪ್ಪಲಿಯ ನಂಬರ್ ಹೇಳಿ ಆನ್‌ಲೈನಲ್ಲಿ ತರಿಸಬೇಡಿ.

ಸ್ಪರ್ಶ ಕಡಿಮೆ ಇದ್ದವರ ವಿಷಯದಲ್ಲಿ ಒಂದು ತೊಡಕು ಇದೆ. ಬಿಗಿ ಆದರೆ ಮಾತ್ರ ಅವರಿಗೆ ಶೂ ಹಾಕಿಕೊಂಡ ಹಾಗೆ ಅನಿಸುತ್ತದೆ. ಹಾಗಾಗಿ ಒಂದು ಸೈಜ್ ಚಿಕ್ಕದನ್ನೇ "ಇದು ಬರೋಬ್ಬರಿ ಐತಿ" ಅನ್ನುತ್ತಾರೆ. ಅವರ ಮಾತೊಂದನ್ನೇ ನಂಬಬೇಡಿ. ಮನೆಯಲ್ಲಿ ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಎರಡೂ ಪಾದದ ಗೆರೆ ಎಳೆಯಿರಿ. ಕೂತಾಗ ಅಲ್ಲ, ನಿಂತಾಗ. ಆ ಕಾಗದ ಅಂಗಡಿಗೆ ಒಯ್ದು ಶೂ ಅದರ ಮೇಲಿಡಿ. ಗೆರೆ ಶೂನಿಂದ ಹೊರಗೆ ಕಂಡರೆ ಅದು ಚಿಕ್ಕದು, ಹಾಕಿದವರು ಏನೇ ಹೇಳಲಿ.

ತಂದ ಮೇಲೆ ಹೊರಡುವ ಮುಂಚೆಯೇ ಬಚ್ಚಲಲ್ಲಿ ನೆನೆಸಿ, ಒದ್ದೆ ಶೂ ಹಾಕಿಸಿ ಮನೆಯಲ್ಲೇ ಕಾಲು ಗಂಟೆ ನಡೆಸಿ. ಟೈಲ್ಸ್ ಜಾರುತ್ತದೆ, ಕೈ ಹಿಡಿದುಕೊಳ್ಳಿ. ಬಿಚ್ಚಿ ನೋಡಿದಾಗ ಎಲ್ಲಾದರೂ ಕೆಂಪು ಗೆರೆ ಬಿದ್ದಿದ್ದರೆ ಆ ಜೋಡು ಬೇಡ.

ಮಕ್ಕಳಿಗೆ "ಬೆಳೆಯೋ ಕಾಲು" ಅಂತ ದೊಡ್ಡದು ಕೊಡಿಸುವುದು ಸಮುದ್ರಕ್ಕೆ ಸರಿಯಲ್ಲ. ತೇಲಿ ಹೋದ ಶೂ ಹಿಡಿಯಲು ಮಗು ಅಲೆಯ ಹಿಂದೆ ಓಡುತ್ತದೆ. ನನಗೆ ಭಯ ಇರುವುದು ಅಲ್ಲೇ. ಹವಾಯಿ ಚಪ್ಪಲಿ, ಕ್ಲಾಗ್ (ಹಿಂದೆ ತೆರೆದ ಸಡಿಲ ಪಾದರಕ್ಷೆ) ಇವೂ ಹೀಗೇ ಬಿಟ್ಟುಹೋಗುತ್ತವೆ. ಶಾಲೆಯ ಕ್ಯಾನ್ವಾಸ್ ಬೂಟು ನೀರು ಕುಡಿದು ಭಾರ ಆಗುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ.

ಶೂ ಹಾಕಿದ್ದೇವೆ ಅಂತ ಪಾಚಿ ಹಿಡಿದ ಬಂಡೆ ಏರಬೇಡಿ. ಎಂಥ ರಬ್ಬರ್ ಆದರೂ ಅಲ್ಲಿ ಜಾರುತ್ತದೆ. ತೊರಕೆ ಮೀನಿನ (ಸ್ಟಿಂಗ್ ರೇ) ಬಾಲದ ಮುಳ್ಳನ್ನೂ ಶೂ ತಡೆಯುವುದಿಲ್ಲ. ಮೊಣಕಾಲಿನ ನೀರಲ್ಲಿ ಹೆಜ್ಜೆ ಎತ್ತಿ ಇಡುವ ಬದಲು ಕಾಲು ಎಳೆಯುತ್ತಾ ನಡೆದರೆ ಆ ಮೀನು ತಾನೇ ಸರಿದು ಹೋಗುತ್ತದೆ. ಇನ್ನು ಕಾಲಿನಲ್ಲಿ ಮೊದಲೇ ಗಾಯ ಇದ್ದರೆ ಯಾವ ಶೂ ಹಾಕಿಯೂ ಸಮುದ್ರಕ್ಕೆ ಇಳಿಯಬೇಡಿ, ಸ್ನಾನದ ಪುಣ್ಯಕ್ಕಾಗಿಯಾದರೂ ಬೇಡ. ಬೆಚ್ಚಗಿನ ಉಪ್ಪು ನೀರಲ್ಲಿ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಶುಗರ್ ಅಥವಾ ಲಿವರ್ ತೊಂದರೆ ಇದ್ದವರಲ್ಲಿ ಅದರ ಸೋಂಕು ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ತರಬಹುದು.

ಹಿರಿಯರು ಒದ್ದೆ ಶೂನಲ್ಲಿ ಅರ್ಧ-ಮುಕ್ಕಾಲು ಗಂಟೆಗಿಂತ ಜಾಸ್ತಿ ಇರುವುದು ಬೇಡ. ಬಿಚ್ಚಿ, ಸಿಹಿನೀರಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಅಂಗಾಲನ್ನು ಬೇರೆಯವರು ಬೆಳಕಲ್ಲಿ ನೋಡಬೇಕು. ಶೂಗಳನ್ನೂ ಸಿಹಿನೀರಲ್ಲಿ ತೊಳೆಯಿರಿ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹುಬ್ಬಳ್ಳಿಗೆ ತಂದರೆ ಒಳಗೆ ಬೂಸು ಬಂದಿರುತ್ತದೆ. ಒಣಗಿಸುವುದು ನೆರಳಲ್ಲಿ. ನಮ್ಮ ಮಾಳಿಗೆಯ ಬಿಸಿಲಿಗೆ ರಬ್ಬರ್ ಬಿರುಸಾಗಿ ಅಂಟು ಬಿಡುತ್ತದೆ.

ಗಾಯ ಆಗಿಯೇ ಬಿಟ್ಟರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ಕುಡಿಯುವ ನೀರಲ್ಲಿ ಚೆನ್ನಾಗಿ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಅದೇ ದಿನ ಅಂಕೋಲಾದಲ್ಲೋ ಕುಮಟಾದಲ್ಲೋ ಡಾಕ್ಟರಿಗೆ ತೋರಿಸಿ. ಟೆಟನಸ್ ಚುಚ್ಚುಮದ್ದು ತಗೊಂಡು 5 ವರ್ಷ ದಾಟಿದ್ದರೆ ಅದನ್ನೂ ಹೇಳಿ. ಊರಿಗೆ ಹೋದ ಮೇಲೆ ನೋಡೋಣ ಅಂತ ಕಾಯಬೇಡಿ.