ಶಾರ್ಟ್ ಅಲ್ಲ, ಬಂದಳಿಕೆ

ಶೆಡ್ಡಿನಲ್ಲಿ ಹತ್ತು ದಿನ ನಿಂತಿದ್ದ ಹಳೆಯ ಅಂಬಾಸಿಡರ್ ಸ್ಟಾರ್ಟ್ ಆಗದಿದ್ದಾಗ ಮಾಲೀಕರಿಂದ ಮೆಕ್ಯಾನಿಕ್‌ವರೆಗೆ ಎಲ್ಲರೂ ಹೇಳುವುದು ಒಂದೇ ಮಾತು: ‘ಎಲ್ಲೋ ಶಾರ್ಟ್ ಆಗಿದೆ.’ ಈಚೆಗೆ ಒಂದು ದುರಸ್ತಿ ಬಿಲ್ಲಿನಲ್ಲಿಯೂ ಈ ಪದವನ್ನೇ ಕಂಡೆ. ಆ ಕಾರಿನಲ್ಲಿ ಆಗಿದ್ದುದು ಡಿಕ್ಕಿಯ ಬಲ್ಬು ಆರದೆ ಉರಿಯುತ್ತಿದ್ದುದು ಮಾತ್ರ. ಹೆಸರು ತಪ್ಪಿದರೆ ಹುಡುಕಾಟವೂ ತಪ್ಪುತ್ತದೆ. ಇಲ್ಲದ ಶಾರ್ಟ್ ಅನ್ನು ಹುಡುಕುತ್ತ ಸರಿಯಾಗಿದ್ದ ವೈರಿಂಗ್ ಅನ್ನೇ ಕಿತ್ತು ಹಾಕಿದ ಕಾರುಗಳನ್ನು ನಾನು ನೋಡಿದ್ದೇನೆ.

ವಿದ್ಯುತ್ತು ಬಲ್ಬನ್ನಾಗಲಿ ಹಾರನ್ನನ್ನಾಗಲಿ ಹಾಯದೆ, ಒಳದಾರಿ ಹಿಡಿದು ನೇರವಾಗಿ ಬ್ಯಾಟರಿಗೆ ಮರಳಿದರೆ ಅದು ಶಾರ್ಟ್. ದಾರಿಯಲ್ಲಿ ತಡೆಯೇ ಇಲ್ಲದ ಕಾರಣ ನೂರಾರು ಆಂಪಿಯರ್ ನುಗ್ಗಬಹುದು. ಫ್ಯೂಸ್ ಇದ್ದರೆ ಕ್ಷಣದಲ್ಲಿ ಸುಡುತ್ತದೆ, ಇಲ್ಲದಿದ್ದರೆ ವೈರಿನ ಹೊದಿಕೆ ಕರಗಿ ಹೊಗೆ ಏಳುತ್ತದೆ. ಅಂಥ ಶಾರ್ಟ್ ಹತ್ತು ದಿನ ಸದ್ದಿಲ್ಲದೆ ಕುಳಿತಿರಲಾರದು. ಡಿಕ್ಕಿಯ 5 ವ್ಯಾಟ್ ಬಲ್ಬಿನ ಲೆಕ್ಕ ಬೇರೆ: ಅದು ಎಳೆಯುವುದು ಸುಮಾರು 0.4 ಆಂಪಿಯರ್, ಅಂದರೆ 60 ಆಂಪಿಯರ್-ಅವರ್ ಬ್ಯಾಟರಿ ಆರು ದಿನಗಳಲ್ಲಿ ಬರಿದು. ಇಲ್ಲಿ ವಿದ್ಯುತ್ತು ದಾರಿ ತಪ್ಪಿಲ್ಲ, ತನಗೆ ಹಾಕಿಕೊಟ್ಟ ದಾರಿಯಲ್ಲಿಯೇ ಹೋಗುತ್ತಿದೆ. ಹೋಗಬಾರದ ಹೊತ್ತಿನಲ್ಲಿ ಹೋಗುತ್ತಿರುವುದಷ್ಟೇ ದೋಷ.

ಇದಕ್ಕೆ ಎಂಜಿನಿಯರುಗಳು ಬಳಸುವ ಹೆಸರು ‘ಪ್ಯಾರಾಸಿಟಿಕ್ ಡ್ರೇನ್’. ಈ ವಿಶೇಷಣದ ಮೂಲ ಗ್ರೀಕ್ ಭಾಷೆಯ ‘ಪರಾಸಿತೋಸ್’. ‘ಪರಾ’ ಎಂದರೆ ಪಕ್ಕದಲ್ಲಿ, ‘ಸಿತೋಸ್’ ಎಂದರೆ ಧಾನ್ಯ ಅಥವಾ ಊಟ. ಮೊದಲಿಗೆ ಇದು ದೇವಾಲಯದ ಭೋಜನದಲ್ಲಿ ಪಾಲು ಪಡೆಯುತ್ತಿದ್ದ ಗೌರವಸ್ಥರ ಹೆಸರಾಗಿತ್ತು. ಗ್ರೀಕ್ ಹಾಸ್ಯನಾಟಕಗಳಿಗೆ ಬರುವ ವೇಳೆಗೆ ಶ್ರೀಮಂತರನ್ನು ಹೊಗಳಿ ಅವರ ಪಂಕ್ತಿಯಲ್ಲಿ ಬಿಟ್ಟಿ ಉಣ್ಣುವವನ ಹೆಸರಾಯಿತು, ಗಿಡಗಳಿಗೂ ಹುಳುಗಳಿಗೂ ಅಂಟಿಕೊಂಡದ್ದು ಬಹಳ ತಡವಾಗಿ. ನಮ್ಮ ‘ಪರಾವಲಂಬಿ’ಯ ‘ಪರ’ವನ್ನು ಈ ‘ಪರಾ’ದೊಂದಿಗೆ ಬೆರೆಸಬಾರದು, ಏಕೆಂದರೆ ಇಲ್ಲಿ ‘ಪರ’ ಎಂದರೆ ಬೇರೊಬ್ಬ. ಆದರೂ ನನಗೆ ಇಷ್ಟವಾಗುವುದು ಈ ಸಂಸ್ಕೃತ ಪದವಲ್ಲ, ‘ಬಂದಳಿಕೆ’. ಮಾವಿನ ಕೊಂಬೆಗೆ ಬೇರಿಳಿಸಿ ಮರದ ನೀರು ಹೀರುವ ಆ ಗಿಡವನ್ನು ಎಷ್ಟೋ ಕಾಲ ಯಾರೂ ಗಮನಿಸುವುದಿಲ್ಲ, ಏಕೆಂದರೆ ಅದು ಕೂಡ ಮರದಂತೆಯೇ ಹಸಿರಾಗಿರುತ್ತದೆ. ನಿಂತ ಕಾರಿನ ಬ್ಯಾಟರಿಯನ್ನು ತಿನ್ನುವ ವಸ್ತುವೂ ಹೀಗೆಯೇ ಕಾರಿನ ಒಂದು ಭಾಗವಾಗಿ, ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ.

‘ಸೋರಿಕೆ’ ಎಂಬುದನ್ನು ಮೂರನೆಯ ಸಂಗತಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಬ್ಯಾಟರಿಯ ಮೇಲ್ಭಾಗದಲ್ಲಿ ಧೂಳು, ತೇವ, ಆಸಿಡ್ ಸೇರಿ ಪದರವಾದಾಗ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಯಾರೂ ಹಾಕದ ದಾರಿಯಲ್ಲಿ ವಿದ್ಯುತ್ತು ಜಿನುಗುತ್ತದೆ. ಸೋಡಾಪುಡಿ ಬೆರೆಸಿದ ನೀರು, ಮುಚ್ಚಳದೊಳಕ್ಕೆ ಇಳಿಯದಂತೆ ಒರೆಸಿದರೆ, ಅದಕ್ಕೆ ಮದ್ದು.

ಬಂದಳಿಕೆಯನ್ನು ಪತ್ತೆ ಹಚ್ಚಲು ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಸೇರುವ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿಯ ಟರ್ಮಿನಲ್ಲಿಗೂ ನಡುವೆ ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಜೋಡಿಸಬೇಕು, ಆಗ ಸ್ಟಾರ್ಟರನ್ನು ಮುಟ್ಟಲೇಬಾರದು. ಕೇಬಲ್ ತಾಗಿಸಿದಾಗ ಕಿಡಿ ಹಾರಿತು, ಆದ್ದರಿಂದ ಶಾರ್ಟ್ ಎಂಬ ತೀರ್ಪನ್ನು ದಯವಿಟ್ಟು ಕೊಡಬೇಡಿ. ಹಳೆಯ ಕಾರುಗಳ ಕೆಲವು ಗಡಿಯಾರಗಳಲ್ಲಿ ಸ್ಪ್ರಿಂಗ್ ಸಡಿಲವಾದಾಗಲೆಲ್ಲ ಒಂದು ವಿದ್ಯುತ್ ಸುರುಳಿ ಅದನ್ನು ಮತ್ತೆ ಬಿಗಿಯುತ್ತದೆ. ಕಿಡಿ ಹಾರಿಸಲು ಅಷ್ಟೇ ಸಾಕು. ಮೀಟರು ಒಂದೆರಡು ನಿಮಿಷ ಸೊನ್ನೆ ತೋರಿಸಿ ಇದ್ದಕ್ಕಿದ್ದಂತೆ ಜಿಗಿದು ಮತ್ತೆ ಸೊನ್ನೆಗೆ ಇಳಿದರೆ ಅದು ಈ ಗಡಿಯಾರವೇ ಇರಬಹುದು.

ಒಂದೊಂದೇ ಫ್ಯೂಸ್ ಕಿತ್ತು ನೋಡಿ ಎಂಬ ಸಲಹೆ ಇಂದಿನ ಕಾರುಗಳಿಗೆ ಸರಿ. ಮಾರಿಸ್ ಮೈನರ್‌ನಂತಹ ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಇರುವುದು ಎರಡೇ ಫ್ಯೂಸು, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಆದ್ದರಿಂದ ವೈರುಗಳನ್ನೇ ಒಂದೊಂದಾಗಿ ಬಿಚ್ಚಬೇಕಾಗುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡಲು ಡೈನಮೋ ಇರುವ ಕಾರಾದರೆ ನಾನು ಮೊದಲು ರೆಗ್ಯುಲೇಟರ್ ಪೆಟ್ಟಿಗೆಯ ಕಟ್-ಔಟ್, ಅಂದರೆ ಡೈನಮೋವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಸ್ವಿಚ್, ನೋಡುತ್ತೇನೆ. ಎಂಜಿನ್ ನಿಂತಾಗ ಅದರ ಪಾಯಿಂಟುಗಳು ಬಿಟ್ಟುಕೊಳ್ಳಬೇಕು. ಬೆಸೆದುಕೊಂಡರೆ ಬ್ಯಾಟರಿಯೇ ಡೈನಮೋವನ್ನು ಮೋಟರಿನಂತೆ ತಿರುಗಿಸಲು ಹೆಣಗಿ ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೂ ಡೈನಮೋ ಮಾತ್ರ ಬಿಸಿಯಾಗಿದ್ದರೆ, ಮೀಟರ್ ತರುವ ಮೊದಲು ಬ್ಯಾಟರಿಯ ಕೇಬಲ್ ಕಳಚಿ.